ಫೋಲ್ಡರ್ ಹಂಚಿ, ಡ್ರೈವ್ ಅಲ್ಲ

ತಾಂಬಾದಂಥ ಊರಿನ ಆನ್‌ಲೈನ್ ಸೆಂಟರಿರಲಿ, ಸೊಸೈಟಿಯಿರಲಿ, ಮೂರು ಕಂಪ್ಯೂಟರ್‌ಗಳ ನಡುವೆ ಫೈಲುಗಳು ಪೆನ್‌ಡ್ರೈವ್‌ನಲ್ಲೇ ಓಡಾಡುತ್ತವೆ. ವೈರಸ್ಸೂ ಜೊತೆಗೇ ಓಡಾಡುತ್ತದೆ. ಮೂರೂ ಒಂದೇ ರೌಟರ್‌ಗೆ ಸೇರಿದ್ದರೆ ಈ ಕಷ್ಟ ಯಾಕ್ರಿ? ಒಂದರಲ್ಲಿ ಫೋಲ್ಡರ್ ಮಾಡಿ, ಅದನ್ನು ಶೇರ್ ಮಾಡಿ.

ಅವಸರಕ್ಕೆ ಇಡೀ ಡಿ ಡ್ರೈವನ್ನೇ ಹಂಚಿ, ‘ಎವ್ರಿಒನ್’ಗೆ ‘ಫುಲ್ ಕಂಟ್ರೋಲ್’ ಕೊಟ್ಟುಬಿಡುವವರಿದ್ದಾರೆ. ಬೇಡ. ಹಂಚಿದ ಫೋಲ್ಡರ್‌ನಲ್ಲಿ ಬೇರೆ ಕಂಪ್ಯೂಟರಿನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಮಾಯ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಬೇರೆ ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿ, ಅದಕ್ಕೆ ಮಾತ್ರ ಅನುಮತಿ ಕೊಡಿ. ಅನುಮತಿ ಇರುವುದು ಎರಡು ಕಡೆ: ‘ಶೇರಿಂಗ್’ನಲ್ಲೊಂದು, ‘ಸೆಕ್ಯುರಿಟಿ’ಯಲ್ಲೊಂದು. ಎರಡರಲ್ಲಿ ಬಿಗಿಯಾದದ್ದೇ ನಡೆಯುತ್ತದೆ. ಫೋಲ್ಡರ್ ಕಾಣುತ್ತದೆ, ಸೇವ್ ಮಾತ್ರ ಆಗುವುದಿಲ್ಲ ಎಂಬ ತಕರಾರಿನ ಮೂಲ ಹೆಚ್ಚಾಗಿ ಇಲ್ಲೇ. ನೆಟ್‌ವರ್ಕ್ ‘ಪ್ರೈವೇಟ್’ ಎಂದಿದೆಯೇ, ಅದನ್ನೂ ನೋಡಿ.

ಹಳೆಯ ಎಕ್ಸ್‌ಪಿ ಕಂಪ್ಯೂಟರಿಗಾಗಿ ಎಸ್‌ಎಂಬಿ1 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನ ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನ ಕಂಪ್ಯೂಟರ್‌ಗಳಿಗೆ ನುಗ್ಗಿದ್ದು ಅದೇ ಬಾಗಿಲಿನಿಂದ. ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿದೆ, ನೀವೂ ಬಿಡಿ.

ನುಡಿಯ ಹಳೆ ಫಾಂಟಿನ ಅರ್ಜಿಗಳಿದ್ದರೆ ಮೂರರಲ್ಲೂ ಆ ಫಾಂಟ್ ಹಾಕಿ, ಇಲ್ಲವಾದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ.

ಫೋಲ್ಡರ್ ಇರುವ ಕಂಪ್ಯೂಟರಿನ ‘ಸ್ಲೀಪ್’ ತೆಗೆಯಿರಿ. ಯುಪಿಎಸ್ ಇದ್ದರೆ ರೌಟರನ್ನೂ ಅದಕ್ಕೇ ಜೋಡಿಸಿ. ಕರೆಂಟ್ ಹೋದಾಗ ಎಲ್ಲರೂ ಫೈಲ್ ಸೇವ್ ಮಾಡಿಕೊಳ್ಳುವಷ್ಟು ಪುರಸೊತ್ತು ಸಿಗುತ್ತದೆ.