ತಪಾಸಣೆಯಲ್ಲಿ ತಪ್ಪಿದ ವೈರಿಂಗನ್ನು ಸರಿಪಡಿಸುವ ಬಗೆ

ಮನೆಯ ವೈರಿಂಗು ತಪಾಸಣೆಯಲ್ಲಿ ತಪ್ಪಿದರೆ ಅನೇಕರು ಫ್ಯೂಸನ್ನೋ ಎಂಸಿಬಿಯನ್ನೋ ಬದಲಿಸಿ ಸುಮ್ಮನಾಗುತ್ತಾರೆ. ಅದು ಸಾಲದು. ಇವೆರಡೂ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿ ಅದಕ್ಕೂ ಮೀರಿದ ಹೊರೆಗೆ ಬೀಳುತ್ತದೆ. ಎದೆಯ ಮೂಲಕ ಹಾಯ್ದರೆ ಆಂಪಿಯರಿನ ಹತ್ತನೆಯ ಒಂದು ಪಾಲೇ ಪ್ರಾಣಕ್ಕೆ ಸಾಕು.

ಮನುಷ್ಯನನ್ನು ಕಾಯುವವು ಎರಡು. ಮೊದಲನೆಯದು ಅರ್ಥಿಂಗ್. ಪ್ಲಗ್ಗಿನ ಉದ್ದವೂ ದಪ್ಪವೂ ಆದ ಪಿನ್ನು ಇದಕ್ಕೆ ಸೇರಿದ್ದು. ಗೀಸರಿನ ಮೈಗೆ ವಿದ್ಯುತ್ತು ತಗಲಿದರೆ ಹಸಿರು ತಂತಿ ಅದನ್ನು ನೆಲಕ್ಕೆ ಒಯ್ಯುತ್ತದೆ. ಈ ತಂತಿಯನ್ನು ಸಾಕೆಟ್ಟಿನಲ್ಲಿ ನ್ಯೂಟ್ರಲ್ಲಿಗಾಗಲಿ, ನಲ್ಲಿಯ ಕೊಳವೆಗಾಗಲಿ ಕಟ್ಟಕೂಡದು. ಎರಡನೆಯದು ಆರ್‌ಸಿಸಿಬಿ. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರಿನ ಅಂತರ ಬಂದೊಡನೆ ಅದು ಸಂಪರ್ಕವನ್ನು ಕಡಿಯುತ್ತದೆ. ಪದೇಪದೇ ಬೀಳುವುದೆಂದು ಅದನ್ನು ತೆಗೆಸಬೇಡಿರಿ. ಎಲ್ಲಿಯೋ ಸೋರಿಕೆಯಿದೆಯೆಂಬುದೇ ಅದರ ಅರ್ಥ.

ದುರಸ್ತಿಯ ಕ್ರಮ ಹೀಗೆ:

1. ಮೇಯ್ನ್ ಸ್ವಿಚ್ಚನ್ನು ಆರಿಸಿ, ಪರವಾನಗಿಯುಳ್ಳ ಕೆಲಸಗಾರನನ್ನೇ ಕರೆಯಿಸಿರಿ.

2. ಉಪಕರಣಗಳನ್ನೆಲ್ಲ ಬಿಡಿಸಿ, 500 ವೋಲ್ಟಿನ ಮೆಗ್ಗರಿನಿಂದ ಒಂದೊಂದು ಸರ್ಕ್ಯೂಟನ್ನೂ ಪರೀಕ್ಷಿಸಲಿ. 1 ಮೆಗಓಮಿಗಿಂತ ಕಡಿಮೆ ಬಂದಲ್ಲಿ ದೋಷವಿದೆ.

3. ದೋಷದ ತಂತಿಯನ್ನು ಟೇಪು ಸುತ್ತದೆ ಬದಲಿಸಲಿ, ಅರ್ಥಿಂಗನ್ನೂ ಅಳೆಯಲಿ.

4. ಮತ್ತೆ ಪರೀಕ್ಷಿಸಿ ಬರೆಹದ ವರದಿ ಕೊಡಲಿ.

ವಾಕಡದಲ್ಲಿ ಬಾಡಿಗೆಗಿರುವ ನಮ್ಮವರು ಗೋಡೆಯೊಳಗಿನ ತಂತಿಗೆ ತಾವೇ ಕೈಹಾಕದೆ ಮನೆಯ ಮಾಲೀಕರಿಗೆ ಬರೆದು ತಿಳಿಸುವುದು ಲೇಸು. ವರದಿಯ ಒಂದು ಪ್ರತಿ ನಿಮ್ಮಲ್ಲಿರಲಿ. ಅಲ್ಲಿಯವರೆಗೆ ಗೀಸರನ್ನು ಹಚ್ಚದಿರಿ; ಸ್ನಾನಕ್ಕೆ ಒಲೆಯ ಮೇಲೆ ಕಾಯಿಸಿದ ನೀರು ಸಾಕು.