ಜಗುಲಿಯ ಮರಗೆಲಸಕ್ಕೆ ಎಣ್ಣೆ ಕುಡಿಸುವುದು: ಹಂತ ಹಂತವಾಗಿ

ನಂಜನಗೂಡು ಬಳಿಯ ಹೆಡತಲೆಗೆ ಬರುವವರು ಲಕ್ಷ್ಮೀಕಾಂತ ದೇವಸ್ಥಾನದ ಹದಿನಾರು ಮುಖದ ಚಾವಡಿಯನ್ನು ನೋಡಿಕೊಂಡು ಹೊರಟುಬಿಡುತ್ತಾರೆ. ಅದು ಕಲ್ಲು, ಹೊಯ್ಸಳರ ಕಾಲದ್ದು, ನೋಡಬೇಕಾದದ್ದೇ. ಆದರೆ ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಹೆಂಚಿನ ತೊಟ್ಟಿಮನೆಗಳ ಮುಂದೆ ನಿಂತರೆ ಬೇರೆಯದೇ ಕಂಬಗಳು ಕಾಣುತ್ತವೆ: ತೇಗದ, ಹೊನ್ನೆಯ, ಹಲಸಿನ, ಬೇವಿನ ಕಂಬಗಳು. ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಸೂರಿನಿಂದ ಹೊರಕ್ಕೆ ಚಾಚಿದ ಜಂತೆಯ ತುದಿಗಳು. ಬಿಸಿಲಿಗೂ ಎರಚಲಿಗೂ ಮೈಯೊಡ್ಡಿ ನಿಂತ ಈ ಮರಕ್ಕೆ ಕಲ್ಲಿನ ಆಯುಸ್ಸಿಲ್ಲ. ಅದರ ಆಯುಸ್ಸು ಮನೆಯವರ ಕೈಯಲ್ಲಿದೆ.

ನಾರ್ವೆಯ ಉರ್ನೆಸ್ ಎಂಬಲ್ಲಿ ಸುಮಾರು 1130ರಲ್ಲಿ ಕಟ್ಟಿದ ಮರದ ಚರ್ಚು ಇವತ್ತಿಗೂ ನಿಂತಿದೆ. ಅಂಥ ಚರ್ಚುಗಳಿಗೆ ಅಲ್ಲಿಯವರು ತಲೆಮಾರುಗಳಿಂದ ಪೈನ್ ಮರದ ಡಾಂಬರು ಬಳಿಯುತ್ತ ಬಂದಿದ್ದಾರೆ. ನಮ್ಮ ಜಗುಲಿಗೂ ಬೇಕಾದದ್ದು ಅಂಥದೇ ಬಿಡದ ಆರೈಕೆ.

ಪೇಟೆಯ ಎನಾಮೆಲ್ ಬಣ್ಣವನ್ನು ದಪ್ಪಗೆ ಬಳಿದುಬಿಟ್ಟರೆ ಹತ್ತು ವರ್ಷ ಚಿಂತೆಯಿಲ್ಲ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎನಾಮೆಲ್ ಪದರಕ್ಕೆ ಆ ಬಳುಕು ಇಲ್ಲ, ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲಾಗದೆ ಒಳಗೇ ಕೂರುತ್ತದೆ. ಮೇಲೆ ಬಣ್ಣ ಫಳಫಳ, ಒಳಗೆ ಮರ ಕುಂಬು. ಹೊರಗಿನ ಮರಕ್ಕೆ ಒಳಗಿಳಿಯುವ ಎಣ್ಣೆಯೋ ವುಡ್ ಸ್ಟೇನೋ ಸರಿ.

ಹಂತ 1: ಕಾಲ

ಸಂಕ್ರಾಂತಿ ಕಳೆದ ಮೇಲೆ ಯುಗಾದಿಯೊಳಗೆ. ಮೈಸೂರು ಸೀಮೆಯಲ್ಲಿ ಮಳೆಯ ಜೋರು ಎರಡು ಸಲ: ಮೇ ತಿಂಗಳ ಆಸುಪಾಸು ಒಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಮ್ಮೆ. ಅಕ್ಟೋಬರಿನ ಮಳೆ ನಿಂತು ಎರಡು ತಿಂಗಳು ಒಣಗಿದ ಮರ ಎಣ್ಣೆಯನ್ನು ಚೆನ್ನಾಗಿ ಹೀರುತ್ತದೆ. ಇಬ್ಬನಿ ಆರಿದ ಮೇಲೆ ಕೆಲಸ ಶುರುಮಾಡಿ, ಬಿಸಿಲು ನೆತ್ತಿಗೇರುವ ಮೊದಲು ಮುಗಿಸಿ. ಕಾದ ಮರದ ಮೇಲೆ ಎಣ್ಣೆ ಒಳಗಿಳಿಯುವ ಮೊದಲೇ ಮೇಲೆಯೇ ಗಟ್ಟಿಯಾಗುತ್ತದೆ.

ಹಂತ 2: ಬುಡದಿಂದ ಪರೀಕ್ಷೆ

ಕಂಬ ಕೆಡುವುದು ಬುಡದಿಂದ. ಚೂಪಾದ ಚಾಕುವಿನ ಮೊನೆಯಿಂದ ಬುಡದ ಸುತ್ತ ಒತ್ತಿ ನೋಡಿ. ಗಟ್ಟಿ ಮರದಲ್ಲಿ ಮೊನೆ ತಡೆಯುತ್ತದೆ. ಬೆಣ್ಣೆಗೆ ಇಳಿದಂತೆ ಅರ್ಧ ಅಂಗುಲ ಇಳಿದರೆ ಕುಂಬಾಗಿದೆ. ಆಗ ಎಣ್ಣೆಯ ಡಬ್ಬ ಪಕ್ಕಕ್ಕಿಟ್ಟು ಆಚಾರಿಯನ್ನು ಕರೆಸಿ. ಕೆಟ್ಟ ಭಾಗ ಕೊಯ್ದು ಹೊಸ ಮರ ಕೂಡಿಸುವುದು ಅವರ ಕೆಲಸ.

ಹಳಬರು ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದ್ದು ಅಂದಕ್ಕಷ್ಟೇ ಅಲ್ಲ. ನೆಲದ ತೇವ ಮರದ ಬುಡಕ್ಕೆ ತಾಗಬಾರದು ಎಂದು. ಆಮೇಲೆ ಜಗುಲಿಗೆ ಸಿಮೆಂಟು ಹಾಕಿಸಿದೆವು, ಅದರ ಮೇಲೆ ಟೈಲ್ಸು ಕೂರಿಸಿದೆವು, ನೆಲ ಏರುತ್ತ ಏರುತ್ತ ಪೀಠ ಹೂತುಹೋಯಿತು. ಈಗ ಮರದ ಬುಡ ಸಿಮೆಂಟಿನೊಳಗಿದೆ, ಜಗುಲಿ ತೊಳೆದಾಗಲೆಲ್ಲ ನೀರು ಅಲ್ಲೇ ನಿಲ್ಲುತ್ತದೆ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ಕಂಬದ ಸುತ್ತ ಎರಡು ಅಂಗುಲ ಅಗಲಕ್ಕೆ ಸಿಮೆಂಟನ್ನು ಉಳಿಯಿಂದ ಬಿಡಿಸಿ ಕಲ್ಲು ಕಾಣುವಂತೆ ಮಾಡಿ, ಆ ಜಾಗದಿಂದ ನೀರು ಹೊರಗೆ ಹರಿಯಲು ಒಂದು ಕಡೆ ಇಳಿಜಾರು ಕೊಡಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ಸಾಧ್ಯ ಎನ್ನುವವರು ಇದನ್ನು ಮಾಡಿ. ಯಾವ ದುಬಾರಿ ಎಣ್ಣೆಯೂ ಇದಕ್ಕೆ ಸಮನಲ್ಲ.

ಗೆದ್ದಲಿನ ಮಣ್ಣುಗೆರೆ, ಜಂತೆಯ ಕೆಳಗೆ ಉದುರಿದ ಹುಳುಪುಡಿ, ಒಡೆದ ಹೆಂಚು ಇವನ್ನೂ ಈಗಲೇ ಗುರುತು ಹಾಕಿಕೊಳ್ಳಿ. ಸೂರು ಸೋರುವ ಮನೆಯಲ್ಲಿ ಮರಕ್ಕೆ ಎಣ್ಣೆ ಹಾಕುವುದು ದಂಡ.

ಹಂತ 3: ಹಳೆಯದನ್ನು ತೆಗೆಯುವುದು

ಹಳೆಯ ಬಣ್ಣ ಇದ್ದರೆ ಎಚ್ಚರಿಕೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು ಎಂದೇ ತಿಳಿಯಿರಿ. ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬೇಡಿ. ನೀರು ಚಿಮುಕಿಸಿ ಒದ್ದೆಮಾಡಿಕೊಂಡೇ ಕೆರೆಯಿರಿ, ಮುಖಕ್ಕೆ ಮಾಸ್ಕ್ ಇರಲಿ, ಕೆಳಗೆ ಹಾಸಿದ ಪ್ಲಾಸ್ಟಿಕ್ಕಿನಲ್ಲೇ ಹೊಪ್ಪಳೆಗಳನ್ನು ಸುತ್ತಿ ತೆಗೆಯಿರಿ. ಮಕ್ಕಳು, ಬಸುರಿಯರು ಆ ದಿನ ಜಗುಲಿಯಿಂದ ದೂರವಿರಲಿ.

ಬಣ್ಣವಿಲ್ಲದ ಮರದ ಮೇಲೆ ದೀಪದ ಕಿಟ್ಟ, ಕೈಜಿಡ್ಡು, ಹೊಗೆ ಇರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರು, ನಾರಿನ ಬ್ರಷ್ ಸಾಕು. ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಅದರ ಚೂರು ಮರದಲ್ಲಿ ಉಳಿದು, ಮರದ ಒಗರಿನೊಂದಿಗೆ ಸೇರಿ ಕಪ್ಪು ಕಲೆಯಾಗುತ್ತದೆ. ಹಳೆಯ ಮೊಳೆಗಳ ಸುತ್ತ ಕಾಣುವ ಕಪ್ಪು ಬಳೆಯೂ ಇದೇ. ಆಕ್ಸಾಲಿಕ್ ಆಮ್ಲವನ್ನು ತೆಳುವಾಗಿ ಕಲಸಿ ಹಚ್ಚಿದರೆ ಅದು ತಿಳಿಯಾಗುತ್ತದೆ. ಈ ಆಮ್ಲ ವಿಷ, ಕೈಗವಸು ಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು.

ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ ಮೇಲ್ಮೈಯನ್ನು ಬಿಡಬೇಡಿ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ಅಂಟನ್ನು ನೇರಳಾತೀತ ಕಿರಣ ಒಡೆದುಹಾಕಿರುತ್ತದೆ. ಆ ಸತ್ತ ಪದರದ ಮೇಲೆ ಏನು ಹಚ್ಚಿದರೂ ಅದರ ಜೊತೆಗೇ ಉದುರುತ್ತದೆ. ಮರ ಒಣಗಿದ ಮೇಲೆ 80ರ ಸ್ಯಾಂಡ್‌ಪೇಪರ್, ಆಮೇಲೆ 120ರದ್ದು, ಎರಡೂ ನಾರಿನ ದಿಕ್ಕಿಗೇ. ಅಲ್ಲಿಗೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಎಣ್ಣೆ ಹೀರುವ ಶಕ್ತಿ ಕಡಿಮೆಯಾಗುತ್ತದೆ.

ಹಂತ 4: ಹುಳುವಿಗೆ ಮದ್ದು

ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬೊರಾಕ್ಸ್, 20 ಗ್ರಾಂ ಬೋರಿಕ್ ಆಮ್ಲ. ಕರಗಿಸಿ ಎರಡು ಸಲ ಹಚ್ಚಿ, ಜಂತೆಯ ತುದಿಗಳಿಗೂ ಕಂಬದ ಬುಡಕ್ಕೂ ಮೂರು ಸಲ. ಈ ಮದ್ದು ಮಳೆಗೆ ತೊಳೆದುಹೋಗುವಂಥದು, ಆದ್ದರಿಂದ ಮೇಲೆ ಎಣ್ಣೆ ಬೇಕೇ ಬೇಕು. ನೆಲದೊಳಗಿನ ಹುತ್ತದಿಂದ ಗೆದ್ದಲು ಬರುತ್ತಿದ್ದರೆ ಇದೊಂದೇ ಸಾಲದು, ನೆಲಕ್ಕೂ ಔಷಧಿ ಮಾಡಿಸಬೇಕು.

ಇನ್ನು ಒಂದು ವಾರ ಒಣಗಲು ಬಿಡಿ. ಅಂಗೈಯಗಲ ಪ್ಲಾಸ್ಟಿಕ್ ಹಾಳೆಯನ್ನು ಕಂಬಕ್ಕೆ ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ ರಾತ್ರಿ ಬಿಟ್ಟು ನೋಡಿ. ಬೆಳಗ್ಗೆ ಒಳಗೆ ಹನಿಕಟ್ಟಿದ್ದರೆ ಇನ್ನೂ ಕಾಯಬೇಕು.

ಹಂತ 5: ಯಾವ ಎಣ್ಣೆ?

ಇಲ್ಲಿ ಹಳ್ಳಿಯ ರೂಢಿ ಹಲವು, ಎಲ್ಲವೂ ಸರಿಯಲ್ಲ. ಬೇವಿನೆಣ್ಣೆ, ಹೊಂಗೆಎಣ್ಣೆ, ಹರಳೆಣ್ಣೆ ಗಾಳಿಗೆ ಗಟ್ಟಿಯಾಗುವುದಿಲ್ಲ. ಅಂಟಂಟಾಗಿ ಉಳಿದು ದೂಳು ಹಿಡಿಯುತ್ತವೆ. ಗ್ಯಾರೇಜಿನ ಕರಿ ಆಯಿಲ್ ಬೇಲಿಗೂಟಕ್ಕೆ ಬಳಿಯುವುದುಂಟು. ಅದರಲ್ಲಿ ವಿಷಲೋಹಗಳಿರುತ್ತವೆ, ಜನ ಒರಗಿ ಕೂರುವ ಕಂಬಕ್ಕೆ ಅದು ಕೂಡದು. ಕರಾವಳಿಯವರು ಬಳಸುವ ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ಒಳ್ಳೆಯದು, ಆದರೆ ಹಸಿಯದು ಚರ್ಮಕ್ಕೆ ಬಿದ್ದರೆ ಬೊಬ್ಬೆ ಏಳುತ್ತದೆ, ಹೊಸಬರ ಕೈಗಲ್ಲ. ಅರಗಿನ ಪಾಲಿಶ್ ಮೈಸೂರಿಗೆ ಹತ್ತಿರದ ನೆಂಟ: ಇಂದು ಮತದಾನದ ಶಾಯಿಗೆ ಹೆಸರಾದ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ. ಆದರೂ ಅರಗು ಒಳಗಿನ ಪೆಟ್ಟಿಗೆ, ಮಂಚಕ್ಕೆ ಚೆಂದ. ಹೊರಗೆ ತೇವ ತಾಗಿದರೆ ಬೆಳ್ಳಗಾಗುತ್ತದೆ.

ನನ್ನ ಆಯ್ಕೆ ಅಗಸೆ ಎಣ್ಣೆ. ಬಣ್ಣದಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್ಸೀಡ್ ಆಯಿಲ್ ಎಂದು ಕೇಳಿ. ಮನೆಯಲ್ಲಿ ಹಸಿ ಎಣ್ಣೆ ಕುದಿಸಿದರೆ ಅದಾಗುವುದಿಲ್ಲ, ಅಂಗಡಿಯದಕ್ಕೆ ಬೇಗ ಒಣಗಿಸುವ ಲವಣ ಸೇರಿಸಿರುತ್ತಾರೆ. ಬರೀ ಎಣ್ಣೆ ಬಿಸಿಲನ್ನು ತಡೆಯುವುದಿಲ್ಲ, ಬಣ್ಣದ ಕಣ ಬೇಕು. ಲೀಟರಿಗೆ ಸುಮಾರು 40 ಗ್ರಾಂ ರೆಡ್ ಆಕ್ಸೈಡ್ ಪುಡಿ ಕಲಸಿ ತೆಳುಬಟ್ಟೆಯಲ್ಲಿ ಸೋಸಿದರೆ ಕೆಮ್ಮಣ್ಣಿನ ಕಂದು ಬರುತ್ತದೆ, ಮರದ ನಾರು ಮುಚ್ಚುವುದಿಲ್ಲ. ಎರಚಲು ಹೆಚ್ಚಿರುವ, ಬೂಷ್ಟು ಹಿಡಿಯುವ ಜಾಗಕ್ಕೆ ಮಾತ್ರ ಶಿಲೀಂಧ್ರನಾಶಕ ಸೇರಿಸಿದ ಸಿದ್ಧ ವುಡ್ ಸ್ಟೇನ್ ಕೊಳ್ಳಿ, ಏಕೆಂದರೆ ಅಗಸೆ ಎಣ್ಣೆ ಬೂಷ್ಟಿಗೆ ಆಹಾರ.

ಲೆಕ್ಕ: ಎಂಟು ಅಂಗುಲ ದಪ್ಪದ, ಎಂಟು ಅಡಿ ಎತ್ತರದ ಕಂಬದ ಮೈ ಸುಮಾರು 17 ಚದರಡಿ. ಅಂಥ ಎಂಟು ಕಂಬಕ್ಕೆ ಒಂದು ಕೈಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಬೇಕಾದೀತು.

ಹಂತ 6: ಕುಡಿಸುವುದು

ಮೊದಲ ಕೈಗೆ ಎಣ್ಣೆ ಒಂದು ಪಾಲು, ಟರ್ಪೆಂಟೈನ್ ಒಂದು ಪಾಲು. ಮೇಲಿನಿಂದ ಕೆಳಕ್ಕೆ, ಕಂಬ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಿ, ನಡುವೆ ನಿಲ್ಲಿಸಿದರೆ ಗೆರೆ ಬೀಳುತ್ತದೆ. ಜಂತೆಯ ತುದಿ, ಕಂಬದ ಬುಡ ಹೀರುವಷ್ಟೂ ಹಚ್ಚಿ. ಕೊಯ್ದ ತುದಿ ನಾರಿನ ಬಾಯಿ, ನೀರು ಒಳಹೋಗುವುದೂ ಅಲ್ಲಿಂದಲೇ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಹೀರದೆ ಉಳಿದದ್ದನ್ನು ಹತ್ತಿ ಬಟ್ಟೆಯಿಂದ ಪೂರಾ ಒರೆಸಿ. ಹೊಸಬರು ಕೈಬಿಡುವುದು ಈ ಒರೆಸುವಿಕೆಯನ್ನೇ. ಮೇಲೆ ಉಳಿದ ಎಣ್ಣೆ ತಿಂಗಳಾದರೂ ಅಂಟು ಬಿಡುವುದಿಲ್ಲ.

ಎರಡು ಮೂರು ದಿನದ ಮೇಲೆ ಎರಡನೆಯ ಕೈ: ಎಣ್ಣೆ ಎರಡು ಪಾಲು, ಟರ್ಪೆಂಟೈನ್ ಒಂದು ಪಾಲು. ಪಡುವಣ ಬಿಸಿಲಿಗೆ ನಿಂತ ಕಂಬಗಳಿಗೆ ಮೂರನೆಯ ಕೈ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹುಲ್ಲಿನ ಮೆದೆ, ದನದ ಕೊಟ್ಟಿಗೆ ಪಕ್ಕದಲ್ಲಿರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ, ಇಲ್ಲವೇ ಬಯಲಲ್ಲಿ ಒಂದೊಂದನ್ನೂ ಬಿಡಿಸಿ ಹರವಿ.

ಸೀಳುಗಳ ಬಗ್ಗೆ ಒಂದು ಮಾತು. ಮರ ಸೀಳುವುದು ಸಹಜ. ಮೇಲ್ಮುಖವಾಗಿದ್ದು ನೀರು ಹಿಡಿಯುವ, ಕಾಲಂಗುಲಕ್ಕಿಂತ ಅಗಲವಾದ ಸೀಳನ್ನು ಮಾತ್ರ ಬಳುಕುವ ಸೀಲಂಟಿನಿಂದ ತುಂಬಿ. ಉಳಿದವನ್ನು ಹಾಗೇ ಬಿಡಿ.

ಹಂತ 7: ಹೊಸ್ತಿಲು

ಹೊಸ್ತಿಲಿಗೆ ದಿನವೂ ನೀರು, ಅರಿಶಿನ, ಕುಂಕುಮ. ಅದು ನಿಲ್ಲಬೇಕಿಲ್ಲ. ಎರಡು ಕೈ ಎಣ್ಣೆ ಹಾಕಿ ಹದಿನೈದು ದಿನ ಆರಲು ಬಿಟ್ಟು ಆಮೇಲೆ ಅರಿಶಿನ ಹಚ್ಚಿ. ನೀರು ಸುರಿಯುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ದ್ವಾರಬಂದ ಹೊಸ್ತಿಲಿಗೆ ಕೂಡುವ ಮೂಲೆಯನ್ನು ಮಾತ್ರ ವರ್ಷವೂ ಚಾಕುವಿನಿಂದ ಒತ್ತಿ ನೋಡಿ.

ಹಂತ 8: ವರ್ಷ ವರ್ಷ

ದೀಪಾವಳಿ ಕಳೆದ ಮೇಲೆ ಒಮ್ಮೆ ದೂಳು, ಜೇಡರ ಬಲೆ ಒರೆಸಿ, ಕಂಬದ ಮೇಲೆ ನೀರಿನ ಹನಿ ಬಿಟ್ಟು ನೋಡಿ. ಹನಿ ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ. ಕ್ಷಣದಲ್ಲಿ ಇಂಗಿ ಮರ ಕಪ್ಪಾದರೆ, ಬರುವ ಸಂಕ್ರಾಂತಿಗೆ ಒಂದು ತೆಳು ಕೈ. ಬಿಸಿಲ ಕಡೆಗೆ ಎರಡು ವರ್ಷಕ್ಕೊಮ್ಮೆ, ನೆರಳಿನ ಕಡೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬೇಕಾಗಬಹುದು. ಕೆರೆಯುವುದು ಬೇಡ, ತೊಳೆದು ಒಣಗಿಸಿ ಹಚ್ಚಿದರಾಯಿತು. ಉಳಿದ ಎಣ್ಣೆಯನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಮೇಲೆ ತಾರೀಖನ್ನೂ ಕಲಸಿದ ಪುಡಿಯ ಅಳತೆಯನ್ನೂ ಬರೆದಿಡಿ. ಮುಂದಿನ ಸಲ ಅದೇ ಬಣ್ಣ ಬರಬೇಕಲ್ಲ.