ಗುಳ್ಳೆಯ ಇಂಜೆಕ್ಷನ್ ಮತ್ತು ಜೀವಕೋಶದ ಕ್ಯಾಲ್ಸಿಯಂ

ಮನೆಯ ಹಿರಿಯರನ್ನು ಎಕೋ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೀರಿ. ಹೃದಯದ ಚಿತ್ರ ಸರಿಯಾಗಿ ಮೂಡುತ್ತಿಲ್ಲ, ಒಂದು ಇಂಜೆಕ್ಷನ್ ಕೊಟ್ಟು ನೋಡೋಣ ಎನ್ನುತ್ತಾರೆ ವೈದ್ಯರು. ಅದರಲ್ಲೇನಿದೆ ಎಂದು ಕೇಳಿದರೆ ಸಿಗುವ ಉತ್ತರ: ಗುಳ್ಳೆಗಳು! ಡ್ರಿಪ್ಪಿನ ನಳಿಕೆಯಲ್ಲಿ ಒಂದು ಗುಳ್ಳೆ ಕಂಡರೂ ನರ್ಸನ್ನು ಕೂಗುವ ನಮಗೆ ಎದೆ ಝಲ್ಲೆನ್ನದೆ ಇರದು.

ಆದರೆ ಇವು ಆ ಗುಳ್ಳೆಗಳಲ್ಲ. ಕೆಂಪು ರಕ್ತಕಣದ ಅಗಲ ಸುಮಾರು 7ರಿಂದ 8 ಮೈಕ್ರಾನ್. ಇವುಗಳಲ್ಲಿ ಹೆಚ್ಚಿನವು ಅದಕ್ಕಿಂತಲೂ ಚಿಕ್ಕವು. ಹಾಗಾಗಿ ಅತಿ ಸಣ್ಣ ರಕ್ತನಾಳದಲ್ಲೂ ಸಿಕ್ಕಿಕೊಳ್ಳದೆ ಸಾಗುತ್ತವೆ. ಒಳಗಿರುವುದು ಗಾಳಿಯಲ್ಲ, ಸಲ್ಫರ್ ಹೆಕ್ಸಾಫ್ಲೋರೈಡ್‌ನಂತಹ, ರಕ್ತದಲ್ಲಿ ಸುಲಭವಾಗಿ ಕರಗದ ಭಾರದ ಅನಿಲ. ಹೊರಗೆ ಕೊಬ್ಬಿನ ಅಥವಾ ಪ್ರೋಟೀನಿನ ತೆಳು ಪೊರೆ. ಕೆಲವೇ ನಿಮಿಷಗಳಲ್ಲಿ ಗುಳ್ಳೆ ಒಡೆದು, ಅನಿಲ ಶ್ವಾಸಕೋಶದ ಮೂಲಕ ಉಸಿರಿನೊಂದಿಗೆ ಹೊರಹೋಗುತ್ತದೆ.

ಅಲ್ಟ್ರಾಸೌಂಡ್ ಅಲೆ ಬಡಿದಾಗ ಗುಳ್ಳೆ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಹಿಗ್ಗಿ ಕುಗ್ಗುತ್ತದೆ. ಪಕ್ಕದಲ್ಲಿ ಜೀವಕೋಶವಿದ್ದರೆ ಆ ಮಿಡಿತ ಅದರ ಪೊರೆಯನ್ನು ತಳ್ಳುತ್ತದೆ, ಎಳೆಯುತ್ತದೆ. ಧ್ವನಿ ಜೋರಾದರೆ ಪೊರೆಯಲ್ಲಿ ಸೂಕ್ಷ್ಮ ರಂಧ್ರವೇ ಬೀಳಬಹುದು.

ಕ್ಯಾಲ್ಸಿಯಂ ಬರುವುದು ಇಲ್ಲಿ. ಮೂಳೆಯ ಕ್ಯಾಲ್ಸಿಯಂ ನಮಗೆಲ್ಲ ಗೊತ್ತು. ಜೀವಕೋಶಕ್ಕೆ ಅದು ಸುದ್ದಿ ಮುಟ್ಟಿಸುವ ದೂತನೂ ಹೌದು. ಕೋಶದ ಹೊರಗೆ ಒಳಗಿಗಿಂತ ಸುಮಾರು 10 ಸಾವಿರ ಪಟ್ಟು ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ದೋಣಿಯ ತಳಕ್ಕೆ ಬಂದ ನೀರನ್ನು ಮೊಗೆದು ಹೊರಚೆಲ್ಲುವಂತೆ, ಕೋಶ ಹಗಲಿರುಳು ಅದನ್ನು ಹೊರಹಾಕುತ್ತಿರುತ್ತದೆ. ಎಲ್ಲೋ ಸಣ್ಣ ಬಾಗಿಲು ತೆರೆದು ಸ್ವಲ್ಪ ಒಳಬಂದರೆ ಅದೇ ಸಂದೇಶ. ಹೃದಯದ ಸ್ನಾಯು ಕುಗ್ಗುವುದೂ ಇಂಥ ಸಂದೇಶದಿಂದಲೇ. (ಇದಕ್ಕೂ ನೀವು ನುಂಗುವ ಕ್ಯಾಲ್ಸಿಯಂ ಮಾತ್ರೆಗೂ ನೇರ ಸಂಬಂಧವಿಲ್ಲ. ಸ್ಕ್ಯಾನ್ ಇದೆಯೆಂದು ಮಾತ್ರೆ ನಿಲ್ಲಿಸಬೇಡಿ.)

ಕ್ಯಾಲ್ಸಿಯಂ ಸಿಕ್ಕಾಗ ಬೆಳಕು ಬದಲಿಸುವ ಬಣ್ಣವನ್ನು ಕೋಶಗಳಿಗೆ ತುಂಬಿಸಿ ವಿಜ್ಞಾನಿಗಳು ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಗುಳ್ಳೆಗೆ ತಾಗಿದ ಕೋಶದಲ್ಲಿ ಮೊದಲು ಕ್ಯಾಲ್ಸಿಯಂ ಏರುತ್ತದೆ. ಆಮೇಲೆ ಗುಳ್ಳೆ ಮುಟ್ಟದ ನೆರೆಯ ಕೋಶಗಳಿಗೂ ಅಲೆಯಂತೆ ಹಬ್ಬುತ್ತದೆ. ನನಗೆ ಅತ್ಯಂತ ಸೋಜಿಗವೆನಿಸುವುದು ಮುಂದಿನ ಸಂಗತಿ. ತೂತಿನಿಂದ ನುಗ್ಗಿದ ಕ್ಯಾಲ್ಸಿಯಮ್ಮೇ ತೂತು ಮುಚ್ಚುವ ಕೆಲಸವನ್ನೂ ಶುರುಮಾಡಿಸುತ್ತದೆ. ಸುತ್ತಲಿನ ದ್ರವದಲ್ಲಿ ಕ್ಯಾಲ್ಸಿಯಂ ಇಲ್ಲದಿದ್ದರೆ ಪೊರೆ ಸರಿಯಾಗಿ ಮುಚ್ಚಿಕೊಳ್ಳುವುದೇ ಇಲ್ಲ. ಆದರೆ ಗಾಯ ದೊಡ್ಡದಾಗಿ ಕ್ಯಾಲ್ಸಿಯಂ ಪ್ರವಾಹದಂತೆ ನುಗ್ಗಿದರೆ ಕೋಶ ಸಾಯುತ್ತದೆ.

ಹಾಗಾದರೆ ಎಲ್ಲವೂ ನಿಂತಿರುವುದು ಧ್ವನಿಯ ಬಲದ ಮೇಲೆ. ಯಂತ್ರದ ಪರದೆಯಲ್ಲಿ ಎಂ.ಐ. ಎಂಬ ಒಂದು ಸಂಖ್ಯೆ ಕಾಣುತ್ತದೆ. ಅದು ಈ ಬಲದ ಅಳತೆ. ಗುಳ್ಳೆ ಹಾಕಿ ಹೃದಯ ನೋಡುವಾಗ ಅದನ್ನು ಹೆಚ್ಚಾಗಿ 0.3ಕ್ಕಿಂತ ಕೆಳಗೇ ಇಡುತ್ತಾರೆ. ಚಿಕಿತ್ಸೆಗಾಗಿ ಬೇಕೆಂದೇ ಬಾಗಿಲು ತೆರೆಸುವುದೂ ಉಂಟು. ಹೆಚ್ಚಿನ ಔಷಧಗಳನ್ನು ಮಿದುಳಿಗೆ ಬಿಡದ ತಡೆಗೋಡೆಯೊಂದು ನಮ್ಮ ರಕ್ತನಾಳಗಳಲ್ಲಿದೆ. 2015ರಲ್ಲಿ ಕೆನಡಾದ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ, ಮಿದುಳಿನ ಗಡ್ಡೆಯಿದ್ದ ರೋಗಿಯೊಬ್ಬರಿಗೆ ತಲೆಬುರುಡೆ ಕೊರೆಯದೆ, ಗುಳ್ಳೆ ಮತ್ತು ಅಲ್ಟ್ರಾಸೌಂಡಿನಿಂದ ಆ ಗೋಡೆಯನ್ನು ತುಸು ಹೊತ್ತು ತೆರೆದು ಔಷಧ ಕಳುಹಿಸಿದರು. ಹೀಗೆ ತೆರೆದದ್ದು ಸಾಮಾನ್ಯವಾಗಿ ಒಂದು ದಿನದೊಳಗೆ ಮುಚ್ಚಿಕೊಳ್ಳುತ್ತದೆ.

ಇದನ್ನೆಲ್ಲ ಓದಿ ಗರ್ಭಿಣಿ ಸೊಸೆಯ ಸ್ಕ್ಯಾನ್ ತಪ್ಪಿಸಬೇಡಿ. ಗರ್ಭಿಣಿಯರ ಮಾಮೂಲಿ ಸ್ಕ್ಯಾನಿಗೆ ಗುಳ್ಳೆಯ ಇಂಜೆಕ್ಷನ್ ಕೊಡುವುದಿಲ್ಲ. ಹೊಟ್ಟೆಯೊಳಗಿನ ಮಗು ಇನ್ನೂ ಉಸಿರಾಡದ ಕಾರಣ ಅದರ ಶ್ವಾಸಕೋಶದಲ್ಲಿ ಗಾಳಿಯೂ ಇರುವುದಿಲ್ಲ. ಮಿಡಿಯಲು ಗುಳ್ಳೆಯೇ ಇಲ್ಲದ ಮೇಲೆ ಮೇಲೆ ಹೇಳಿದ್ದು ಇಲ್ಲಿಗೆ ಅನ್ವಯಿಸದು.

ಎಕೋಗೆ ಈ ಇಂಜೆಕ್ಷನ್ ಪಡೆಯುವವರು ಒಂದು ವಿಷಯ ಮುಂಚಿತವಾಗಿ ಹೇಳಬೇಕು. ಕೆಲವು ಬಗೆಯ ಗುಳ್ಳೆಗಳಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ವಸ್ತುವಿದೆ. ಕರುಳಿನ ಪರೀಕ್ಷೆಗೆ ಮುನ್ನ ಹೊಟ್ಟೆ ಖಾಲಿ ಮಾಡಿಸಲು ಕೊಡುವ ಅನೇಕ ಪುಡಿಗಳಲ್ಲೂ ಇರುವುದು ಅದೇ. ಅಂಥ ಪುಡಿ ಕುಡಿದಾಗ ಮೈ ದದ್ದೆದ್ದಿದ್ದರೆ, ಉಸಿರು ಕಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಗಂಭೀರ ಅಲರ್ಜಿ ಅಪರೂಪ. ಆದರೆ ಬಂದರೆ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಬರುತ್ತದೆ. ಅಷ್ಟು ಹೊತ್ತು ಆಸ್ಪತ್ರೆಯಲ್ಲೇ ಕುಳಿತಿದ್ದು ಹೊರಡಿ.